ಕಲ್ಲು ಹೋಯಿತು, ಬುಡ ಉಳಿಯಿತು

ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಲಂಡನ್ನಿನ ಆಲ್ಡರ್‌ಮನ್‌ಬರಿಯ ಸೇಂಟ್ ಮೇರಿ ಚರ್ಚ್ 1940ರ ಜರ್ಮನ್ ಬಾಂಬ್ ದಾಳಿಯಲ್ಲಿ ನಾಶವಾಯಿತು ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಅದು ನನಗೆ ಬೇಜಾರಾಯಿತು. ಅದರ ಕಥೆ ಅಲ್ಲಿಗೆ ಮುಗಿಯಲಿಲ್ಲ.

12ನೇ ಶತಮಾನದಿಂದ ಇದ್ದ ಚರ್ಚ್ ಅದು. 1666ರಲ್ಲಿ ಲಂಡನ್ನಿಗೆ ಬಿದ್ದ ಮಹಾ ಬೆಂಕಿಯಲ್ಲಿ ಸುಟ್ಟಿತು. ವಾಸ್ತುಶಿಲ್ಪಿ ಕ್ರಿಸ್ಟಫರ್ ರೆನ್ ಪೋರ್ಟ್‌ಲ್ಯಾಂಡ್ ಎಂಬ ಸುಣ್ಣದ ಕಲ್ಲಿನಲ್ಲಿ ಮತ್ತೆ ಕಟ್ಟಿದರು. 1940ರ ಡಿಸೆಂಬರ್ 29ರ ರಾತ್ರಿ ಬಾಂಬ್ ಬಿದ್ದಾಗ ಚಾವಣಿ, ಒಳಗಿನ ಮರಗೆಲಸ ಎಲ್ಲ ಬೂದಿಯಾಯಿತು. ಗೋಡೆ, ಗೋಪುರ ಮಾತ್ರ ನಿಂತಿದ್ದವು. ಇಪ್ಪತ್ತೈದು ವರ್ಷ ಹಾಗೇ ಪಾಳು. ಆಮೇಲೆ ಸುಮಾರು 7,000 ಕಲ್ಲುಗಳನ್ನು ಬಿಚ್ಚಿ, ತೊಳೆದು, ಒಂದೊಂದಕ್ಕೂ ನಂಬರ್ ಹಾಕಿ ಅಮೆರಿಕದ ಮಿಸೌರಿಯ ಫುಲ್ಟನ್‌ಗೆ ಸಾಗಿಸಿದರು! 1946ರಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಚರ್ಚಿಲ್, ಯುರೋಪ್ ಎರಡಾಗಿ ಒಡೆದಿದೆ ಎಂದು ಹೇಳಿದ 'ಕಬ್ಬಿಣದ ಪರದೆ' ಭಾಷಣ ಮಾಡಿದ್ದು ಅದೇ ಊರಲ್ಲಿ. ಅವರ ನೆನಪಿಗೆ ಅಲ್ಲಿನ ಕಾಲೇಜು ಆವರಣದಲ್ಲಿ ರೆನ್ ಕಟ್ಟಿದ ರೂಪದಲ್ಲೇ ಜೋಡಿಸಿದರು. 1969ರಲ್ಲಿ ಬಾಗಿಲು ತೆರೆಯಿತು. ಮರಗೆಲಸ ಹೊಸದು, ಕಲ್ಲು ಹಳೆಯದು.

ಲಂಡನ್ನಿನ ಜಾಗ ಈಗ ಪುಟ್ಟ ತೋಟ. ಹುಲ್ಲಿನ ನಡುವೆ ಕಂಬಗಳ ಬುಡ, ಗೋಡೆಯ ತಳಪಾಯ ಹಾಗೇ ಇವೆ. ಪಕ್ಕದಲ್ಲೇ ಹೆಮಿಂಗ್ಸ್ ಮತ್ತು ಕಾಂಡೆಲ್ ಸ್ಮಾರಕ, ಮೇಲೆ ಶೇಕ್ಸ್‌ಪಿಯರ್ ತಲೆ. 1623ರಲ್ಲಿ ಅವನ ನಾಟಕಗಳನ್ನು ಒಟ್ಟು ಮಾಡಿ ಅಚ್ಚು ಹಾಕಿಸಿದ ಇಬ್ಬರು ನಟರು ಇವರು. ಇಬ್ಬರೂ ಇದೇ ಚರ್ಚಿನವರು. ಆ ಕಡೆ ಹೋದವರು ಸುಮ್ನೆ ದಾಟಿ ಹೋಗಬೇಡಿ. ಐದು ನಿಮಿಷ ಆ ಕಂಬದ ಬುಡದ ಹತ್ತಿರ ನಿಲ್ಲಿ. ಲೇಖಕರೇ, ಆ ಸಾಲನ್ನು ದಯವಿಟ್ಟು ತಿದ್ದಿ.