ಟವೆಲ್ ಹಾಕಿದ ಸೀಟು

ಕೆಂಪು ಬಸ್ಸಲ್ಲಿ ಓಡಾಡಿದವರಿಗೆ ಇದು ಗೊತ್ತು. ಬಸ್ಸು ಸ್ಟ್ಯಾಂಡಿಗೆ ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಒಂದು ಟವೆಲ್ ಒಳಗೆ ಬೀಳುತ್ತದೆ. ನೂಕಾಡಿ ಹತ್ತಿದ ನೀವು ಕೂರಲು ಹೋದರೆ ಪಕ್ಕದವರು, "ಇಲ್ಲಿ ಬರ್ತಾರೆ ಕಣ್ರೀ" ಅಂತಾರೆ. ಯಾರು ಬರ್ತಾರೆ? ಗೌಡರ ಮೊಮ್ಮಗ.

ನಿಖಿಲ್ ಕುಮಾರಸ್ವಾಮಿ ಅವರ ರಾಜಕೀಯ ಸದ್ಯಕ್ಕೆ ಇಷ್ಟೇ. ಮೂರು ಸಲ ಟವೆಲ್ ಬಿತ್ತು. ಒಂದು ಸಲವೂ ಕೂರೋಕಾಗಲಿಲ್ಲ.

ಮೊದಲನೇದು 2019, ಮಂಡ್ಯ. ಅಪ್ಪನೇ ಮುಖ್ಯಮಂತ್ರಿ. ಹಿಂದೊಮ್ಮೆ ಸಿನಿಮಾ ಕಾರ್ಯಕ್ರಮದಲ್ಲಿ ಅವರು ಮೈಕ್ ಹಿಡಿದು "ನಿಖಿಲ್ ಎಲ್ಲಿದ್ದೀಯಪ್ಪಾ" ಅಂತ ಕರೆದದ್ದು ಆಗ ಮನೆಮನೆಯ ಮಾತಾಯಿತು. ಮೂರು ವರ್ಷದ ಮಗುವೂ ಕೇಳಿತು. ಕೊನೆಗೆ ಮತಪೆಟ್ಟಿಗೆಯೂ ಕೇಳಿತು. ಪಕ್ಷೇತರರಾಗಿ ನಿಂತ ಸುಮಲತಾ ಒಂದೂಕಾಲು ಲಕ್ಷ ಮತಗಳಿಂದ ಗೆದ್ದರು. ಅವರೇನು ಟವೆಲ್ ಇಲ್ಲದೆ ಬಂದವರಲ್ಲ ಬಿಡಿ, ಅದು ಅಂಬರೀಶಣ್ಣನ ಟವೆಲ್.

ಅದೇ ಚುನಾವಣೆಯಲ್ಲಿ ತಾತ ಹಾಸನದ ಸೀಟನ್ನು ಇನ್ನೊಬ್ಬ ಮೊಮ್ಮಗನಿಗೆ ಬಿಟ್ಟುಕೊಟ್ಟು ತುಮಕೂರಿಗೆ ಹೋಗಿ ನಿಂತರು. ಪಾಪ, ನಿಂತೇ ಇರಬೇಕಾಯಿತು.

ಪರೀಕ್ಷೆಯಲ್ಲಿ ಡುಮ್ಕಿ ಹೊಡೆದರೆ ನಮ್ಮ ಮನೆಯಲ್ಲಿ ಊಟಕ್ಕೇ ಸಂಚಕಾರ. ಆ ಮನೆಯಲ್ಲಿ ಹಾಗಲ್ಲ. ಸೋತು ಎರಡು ತಿಂಗಳೂ ಕಳೆದಿರಲಿಲ್ಲ, ಮೊಮ್ಮಗ ಜೆಡಿಎಸ್ ಯುವ ಘಟಕದ ಅಧ್ಯಕ್ಷ. ಇದು ಮೊದಲೇ ಗೊತ್ತಿದ್ದರೆ ನಾನು ಸುಮ್ನೆ ಪಿಯುಸಿ ಪಾಸಾಗುತ್ತಿರಲಿಲ್ಲ.

2023ರಲ್ಲಿ ರಾಮನಗರ. ಅಲ್ಲಿ ಕೂತಿದ್ದ ಅಮ್ಮ ಅನಿತಾ ಎದ್ದು ಜಾಗ ಕೊಟ್ಟರು. 10,715 ಮತಗಳ ಸೋಲು. ಮಾರನೇ ವರ್ಷ ಚನ್ನಪಟ್ಟಣ. ಮಂಡ್ಯದಲ್ಲಿ ಗೆದ್ದು ಕೇಂದ್ರ ಮಂತ್ರಿಯಾದ ಅಪ್ಪ ಎದ್ದ ಜಾಗ, ಇನ್ನೂ ಬಿಸಿಯಾಗಿತ್ತು. ಪ್ರಚಾರದಲ್ಲಿ ನಿಖಿಲ್ ಕಣ್ಣೀರು ಹಾಕಿದರು. ಕಣ್ಣೀರು ಆ ಮನೆಯಲ್ಲಿ ಪಿತ್ರಾರ್ಜಿತ, ಪಾಲುಪಟ್ಟಿಯಲ್ಲಿ ಎಲ್ಲರಿಗೂ ಸಮಪಾಲು. ಎದುರಿಗಿದ್ದ ಯೋಗೇಶ್ವರ್ ಬಸ್ಸು ಬದಲಾಯಿಸುವುದರಲ್ಲಿ ಪಳಗಿದ ಕೈ. ಬಿಜೆಪಿ ಬಸ್ಸಿಂದ ಇಳಿದು ಕಾಂಗ್ರೆಸ್ ಬಸ್ಸು ಹತ್ತಿದ ಒಂದೇ ತಿಂಗಳಲ್ಲಿ 25,413 ಮತಗಳಿಂದ ಗೆದ್ದು ಕೂತುಬಿಟ್ಟರು.

ಗಮನಿಸಿ, ಮೂರೂ ಊರು ಬೆಂಗಳೂರು–ಮೈಸೂರು ರಸ್ತೆಯಲ್ಲೇ ಇವೆ. ಹೊಸ ಹೆದ್ದಾರಿ ಬಂದ ಮೇಲೆ ಮೂರಕ್ಕೂ ಬೈಪಾಸ್ ಆಗಿದೆ. ಮತದಾರರೂ ಅದನ್ನೇ ಹಿಡಿದರು ಅಂತ ಕಾಣುತ್ತೆ.

ತಮಾಷೆ ಏನು ಗೊತ್ತಾ? ಇದೇ ಮನೆಯ ಹಿರಿಯರು ಮೊದಲ ಬಸ್ಸು ಹತ್ತಿದ್ದು ಟಿಕೆಟ್ ಇಲ್ಲದೆ! 1962ರಲ್ಲಿ ಕಾಂಗ್ರೆಸ್ ಟಿಕೆಟ್ ಕೊಡಲಿಲ್ಲ. ದೇವೇಗೌಡರು ಹೊಳೆನರಸೀಪುರದಲ್ಲಿ ಪಕ್ಷೇತರರಾಗಿ ನಿಂತರು, ಗೆದ್ದರು. ಅದಕ್ಕೂ ಮೊದಲು ತಾಲ್ಲೂಕು ಬೋರ್ಡು, ಸಹಕಾರ ಸಂಘ ಅಂತ ಫುಟ್‌ಬೋರ್ಡಲ್ಲಿ ಎಷ್ಟೋ ದಿನ ನೇತಾಡಿದ್ದರು. ಮೊಮ್ಮಗನಿಗೆ ಟಿಕೆಟ್ ಮನೆಯ ಅಡುಗೆಮನೆಯಲ್ಲೇ ಸಿಗುತ್ತೆ. ಇಳಿಸೋ ಕಂಡಕ್ಟರ್ ಮಾತ್ರ ಹೊರಗಿನವನು.

ಹಾಗಂತ ಟವೆಲ್ ಪದ್ಧತಿಯೇ ಕೆಲಸ ಮಾಡಲ್ಲ ಅನ್ನಬೇಡಿ. ಶಿಕಾರಿಪುರಕ್ಕೆ ಹೋಗಿ ನೋಡಿ. ಯಡಿಯೂರಪ್ಪ ಎದ್ದರು, ವಿಜಯೇಂದ್ರ ಕೂತರು. ಮೊದಲ ಸಲ ಶಾಸಕರಾದ ಆರೇ ತಿಂಗಳಿಗೆ ಇಡೀ ರಾಜ್ಯ ಬಿಜೆಪಿಯ ಡ್ರೈವರ್ ಸೀಟೂ ಸಿಕ್ಕಿತು. ಎಸೆಯುವಾಗ ಗುರಿ ಇರಬೇಕು ಅಷ್ಟೇ.

ವಿಧಾನಸಭೆಯ ಮುಂದಿನ ಬಸ್ಸು 2028ಕ್ಕೆ. ಟವೆಲ್ ಒಗೆದು ಒಣಗಲು ಹಾಕಿದ್ದಾರಂತೆ.