ಸೈಗಾನ್ ಬಳಿ ಬಿದ್ದ ವಿಮಾನ: ಕ್ಷಿಪಣಿ ಕಾರಣವಲ್ಲ

1975ರ ಏಪ್ರಿಲ್ 4ರಂದು ವಿಯೆಟ್ನಾಂನಿಂದ ಮಕ್ಕಳನ್ನು ಹೊತ್ತು ಹೊರಟ ಅಮೆರಿಕದ ಸಿ-5ಎ ಸೇನಾ ಸಾಗಣೆ ವಿಮಾನವನ್ನು ಕ್ಷಿಪಣಿ ಹೊಡೆದುರುಳಿಸಿತು, ಒಬ್ಬರೂ ಉಳಿಯಲಿಲ್ಲ ಎಂಬ ಮಾತು ಹರಿದಾಡುತ್ತಿದೆ. ಎರಡೂ ತಪ್ಪು.

ಯುದ್ಧದ ಹೊತ್ತು, ಅನುಮಾನ ಬರೋದು ಸಹಜ ಅಲ್ವಾ? ಯಾರೋ ಬೇಕಂತಲೇ ಕೆಡವಿದರು ಎಂಬ ಶಂಕೆ ಮೊದಲಿಗೆ ಇತ್ತು. ತನಿಖೆಯಲ್ಲಿ ಸಿಕ್ಕಿದ್ದು ಮಾತ್ರ ಹಿಂಬದಿಯ ಸರಕು ಬಾಗಿಲಿನ ಲಾಕ್‌ಗಳ ದೋಷ. ಸುಮಾರು 23 ಸಾವಿರ ಅಡಿ ಎತ್ತರದಲ್ಲಿ ಆ ಬಾಗಿಲು ಕಿತ್ತುಹೋಯಿತು. ಜೊತೆಗೆ ಬಾಲದ ಕಡೆಯ ಕಂಟ್ರೋಲ್ ಕೇಬಲ್‌ಗಳು, ಹೈಡ್ರಾಲಿಕ್ ಪೈಪುಗಳೂ ತುಂಡಾದವು. ಆದರೂ ಪೈಲಟ್‌ಗಳು ಎಂಜಿನ್ ವೇಗ ಹೆಚ್ಚುಕಮ್ಮಿ ಮಾಡುತ್ತ ವಿಮಾನವನ್ನು ಸೈಗಾನ್ ಕಡೆಗೆ ತಿರುಗಿಸಿದರು. ಅದೇ ದೊಡ್ಡ ಸಾಹಸ. ರನ್‌ವೇ ಮುಟ್ಟಲಾಗದೆ ಅದು ಭತ್ತದ ಗದ್ದೆಗೆ ಬಿತ್ತು.

300ಕ್ಕೂ ಜಾಸ್ತಿ ಜನರಲ್ಲಿ 138 ಮಂದಿ ಸತ್ತರು, ಅವರಲ್ಲಿ 78 ಮಕ್ಕಳು. ಮೇಲಂತಸ್ತಿನಲ್ಲಿದ್ದವರಲ್ಲಿ ಬಹುತೇಕರು ಬದುಕಿದರು.