ಕದ್ದವರ ಹತ್ತಿರ ಎರವಲು

ಬ್ರಿಟಿಷರ ಧಾರಾಳತನಕ್ಕೆ ಕೈ ಮುಗಿಯಬೇಕು. 2024ರಲ್ಲಿ ಘಾನಾದ ಕುಮಾಸಿಗೆ, ಅಸಾಂಟೆ ರಾಜರ ಮಾನ್ಹಿಯಾ ಅರಮನೆಯ ಪುಟ್ಟ ಮ್ಯೂಸಿಯಂಗೆ 32 ವಸ್ತು ಕಳಿಸಿದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಿಂದ 15, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಿಂದ 17. ಬಹುಪಾಲು ಅಲ್ಲಿಂದಲೇ ಹೊತ್ತುಕೊಂಡು ಹೋದ ಮಾಲು. ಮೂರು ವರ್ಷದ ಎರವಲಂತೆ. ಬೇಕಿದ್ದರೆ ಇನ್ನೂ ಮೂರು ವರ್ಷ ಮುಂದುವರಿಸಬಹುದಂತೆ!

ನಮ್ಮ ಹಳೇ ಬೀದಿಯಲ್ಲಿ ಒಬ್ಬರು ಅಮ್ಮನ ಇಡ್ಲಿ ಪಾತ್ರೆ ಒಯ್ದಿದ್ದರು. ವರ್ಷ ಕಳೆದು ಕೇಳಲು ಹೋದರೆ, "ತಗೊಂಡ್ಹೋಗಿ, ಆದ್ರೆ ಭಾನುವಾರ ನೆಂಟರು ಬರ್ತಾರೆ, ಶನಿವಾರದೊಳಗೆ ತೊಳೆದು ತಂದ್ಕೊಡಿ" ಅಂದರು. ಅಮ್ಮ ತೊಳೆದೂ ಕೊಟ್ಟಳು. ಅವರಿಗೆ ಲಂಡನ್ನಿನಲ್ಲಿ ಒಳ್ಳೆ ಕೆಲಸ ಸಿಗುತ್ತಿತ್ತು.

ಪೂರ್ತಿ ಕೊಡಲು ಕಾನೂನು ಅಡ್ಡ ಬರುತ್ತದಂತೆ. 1963ರದ್ದೊಂದು, 1983ರದ್ದೊಂದು. ಬರೆದವರೂ ಅವರೇ, ಪಾಪ, ಕೈಕಟ್ಟಿ ಕೂತವರೂ ಅವರೇ.

1874ರಲ್ಲಿ ಕುಮಾಸಿಗೆ ನುಗ್ಗಿದವರು ಬ್ರಿಟಿಷ್ ಸೇನಾಪತಿ ಸರ್ ಗಾರ್ನೆಟ್ ವೂಲ್ಸ್‌ಲಿ. ಅಸಾಂಟೆ ಜನರ ಬಾಯಲ್ಲಿ 'ಸರ್ ಗಾರ್ನೆಟ್' ಸವೆದು 'ಸಾಗ್ರೆಂಟಿ' ಆಯಿತು. ಆ ಯುದ್ಧದ ಹೆಸರೇ ಸಾಗ್ರೆಂಟಿ. ಬಟ್ಟೆ ಸೋಪಿನ ಹೆಸರಿನ ಹಾಗಿದೆ, ಅಲ್ವಾ? ಸಾಹೇಬರು ಅರಮನೆಯನ್ನು ತೊಳೆದಿದ್ದೂ ಹಾಗೇ. ಸಿಕ್ಕಿದ್ದರಲ್ಲಿ ದುಂಡನೆಯ ಚಿನ್ನದ ಬಿಲ್ಲೆಗಳಿದ್ದವು, ನಡುವಿನಿಂದ ಬಿಸಿಲು ಹರಡಿದಂತೆ ಗೆರೆ. ರಾಜನ ಆತ್ಮ ತೊಳೆಯುವ ಸೇವಕರು ಎದೆ ಮೇಲೆ ತೂಗಿಹಾಕಿಕೊಳ್ಳುತ್ತಿದ್ದದ್ದು. ಆ ಸೇವಕರನ್ನೂ ನಾಲ್ಕು ದಿನ ಲಂಡನ್ನಿಗೆ ಎರವಲು ಕಳಿಸಿದರೆ ಒಳ್ಳೆಯದಿತ್ತು.

1900ರಲ್ಲಿ ಬ್ರಿಟಿಷ್ ಗವರ್ನರ್ ಹಾಡ್ಜ್‌ಸನ್ ಬಂದು, ನಿಮ್ಮ ಚಿನ್ನದ ಪೀಠ ತನ್ನಿ, ಕೂರಬೇಕು ಅಂದ. ಇಡೀ ಜನಾಂಗದ ಆತ್ಮ ಅದರಲ್ಲಿದೆ ಅಂತ ನಂಬಿಕೆ, ಅದರ ಮೇಲೆ ಅಸಾಂಟೆ ರಾಜನೇ ಕೂರುವುದಿಲ್ಲ. ಯಾ ಅಸಾಂಟೆವಾ ಎಂಬ ಹೆಂಗಸು ಯುದ್ಧಕ್ಕೇ ನಿಂತಳು. ಪೀಠ ಮಾತ್ರ ಅವರಿಗೆ ಸಿಗಲಿಲ್ಲ. ಅದಕ್ಕೇ ಅದನ್ನು ಎರವಲು ಕೇಳುವ ಪ್ರಮೇಯ ಬಂದಿಲ್ಲ.

ನಗು ಸಾಕು. 1874ರಲ್ಲಿ ಊರಿಗೆ ಬೆಂಕಿ ಇಟ್ಟರು. ಅರಮನೆ ಉಡಾಯಿಸಿದರು. ಮೇಲೆ ಯುದ್ಧದ ಖರ್ಚು ಅಂತ 50,000 ಔನ್ಸ್ ಚಿನ್ನ ಕೇಳಿದರು. ದೋಚಿದ್ದನ್ನು ಹರಾಜು ಹಾಕಿದರು. 150 ವರ್ಷ ಆದ ಮೇಲೂ ಆ ಜನ ತಮ್ಮದೇ ಒಡವೆಗೆ ರಸೀದಿ ಬರೆದುಕೊಡಬೇಕಾ? 2024ರಲ್ಲೇ ಲಾಸ್ ಏಂಜಲೀಸಿನ ಫೌಲರ್ ಮ್ಯೂಸಿಯಂ ಏಳು ವಸ್ತು ಸುಮ್ನೆ ವಾಪಸ್ ಕೊಟ್ಟಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಶ್ರೀರಂಗಪಟ್ಟಣದಿಂದ 1799ರಲ್ಲಿ ಹೋದ ಟಿಪ್ಪುವಿನ ಮರದ ಹುಲಿಯೂ ಆ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲೇ ಇದೆ. ನಾವೂ ಒಂದು ಎರವಲು ಅರ್ಜಿ ಹಾಕೋಣ ಅಂದುಕೊಂಡೆ. ಆದರೆ ತಕರಾರಿದೆ. ಹುಲಿ ನಮ್ಮದು, ಅದರ ಬಾಯಿಗೆ ಕುತ್ತಿಗೆ ಕೊಟ್ಟ ಬಿಳಿಯ ಅವರವನು. ಅವನಿಗೆ ಬೇರೆ ವೀಸಾ ಬೇಕಾಗುತ್ತದೆ.